‘ಮರಿ’ ಅಂದದ್ದು ಯಾರನ್ನು

ಅತ್ತೆಯ ಗದ್ದದ ಮೇಲೆ ಮೂರು ಹಸಿರು ಚುಕ್ಕೆಗಳಿದ್ದವು. ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆ. ಸುಮ್ಮನಿದ್ದಾಗ ಅವು ಗದ್ದದ ಕುಳಿಯಲ್ಲಿ ಅಡಗಿ ಕೂತಿರುತ್ತಿದ್ದವು. ಯಾರನ್ನಾದರೂ ಏನಾದರೂ ಕೇಳಬೇಕಾದಾಗ ಅತ್ತೆ ಗದ್ದವನ್ನು ಒಂದಿಷ್ಟು ಮೇಲೆತ್ತುತ್ತಿದ್ದಳು. ಆಗ ಮೂರೂ ಚುಕ್ಕೆ ಬೆಳಕಿಗೆ ಬಂದು ಎದುರಿಗಿದ್ದವರನ್ನು ನೋಡುತ್ತಿದ್ದವು. ಆ ಚುಕ್ಕೆಗಳು ನನ್ನ ಕಡೆ ತಿರುಗಲಿ ಎಂದು ಕಾದಷ್ಟು ನಾನು ಯಾವ ದೇವರ ಮುಂದೆಯೂ ಕಾದವಳಲ್ಲ. ಅವು ಬೇರೆಯವರ ಕಡೆ ತಿರುಗಿದಾಗ ಹೊಟ್ಟೆ ಉರಿದಷ್ಟು ಇನ್ಯಾವುದಕ್ಕೂ ಉರಿದದ್ದಿಲ್ಲ.

ಅವಳು ನನ್ನ ಸೋದರಮಾವನ ಹೆಂಡತಿ. ಅಮ್ಮನ ತವರು ಕಲ್ಯಾಣದುರ್ಗ. ಮಾವ ಹುಣಸೆಹಣ್ಣಿನ ವ್ಯಾಪಾರಕ್ಕೆಂದು ಹಿಂದೂಪುರಕ್ಕೆ ಹೋದವರು ಅಲ್ಲಿಯೇ ನಿಂತು, ಅಲ್ಲಿಯ ಹುಡುಗಿಯನ್ನೇ ಮದುವೆಯಾದರು. ಅತ್ತೆಯ ಮನೆಮಾತು ತೆಲುಗು. ನಮ್ಮ ಕಡೆಯವರ ಜೊತೆ ಕನ್ನಡ ಆಡುತ್ತಿದ್ದಳು, ಆದರೆ ಆ ಕನ್ನಡದ ಮೇಲೆ ಸಾರಿನ ಒಗ್ಗರಣೆಯ ಹಾಗೆ ತೆಲುಗು ತೇಲುತ್ತಿತ್ತು. ಇನ್ನೊಂದು ಮಾತು. ಅವಳ ಗಂಟಲು ಒಡಕು. ಒಣಗಿದ ಎಲೆಯ ಮೇಲೆ ಕಾಲಿಟ್ಟಂತೆ. ಬೈದರೂ ಅದೇ ದನಿ, ಮುದ್ದು ಮಾಡಿದರೂ ಅದೇ, ಪ್ರಶ್ನೆ ಕೇಳಿದರೂ ಅದೇ. ಏರು ಇಲ್ಲ, ಇಳಿವು ಇಲ್ಲ. ಅವಳ ಮುಖ ನೋಡದೆ ಬರೀ ಮಾತು ಕೇಳಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

ಆ ಗಂಟಲಿನ ದೆಸೆಯಿಂದಲೇ ಅವಳು ಮದುವೆಗಳಲ್ಲಿ ಮಕ್ಕಳ ಪಾಲಿಗೆ ಬಂದದ್ದು.

ಐವತ್ತರ ದಶಕದ ಮೊದಮೊದಲ ವರ್ಷಗಳಿರಬೇಕು. ಕಲ್ಯಾಣದುರ್ಗದ ತಾತನ ಮನೆಯ ಮುಂದೆ ನನ್ನ ಚಿಕ್ಕಮ್ಮನ ಮದುವೆ. ನನಗಾಗ ಏಳೋ ಎಂಟೋ ವರ್ಷ. ಕಂಬದೂರು, ರೊದ್ದಂ, ಇನ್ನೂ ಎಲ್ಲೆಲ್ಲಿಂದಲೋ ಗಾಡಿಗಳಲ್ಲಿ ನೆಂಟರು ಬಂದಿಳಿದರು. ನೆಂಟರಿಗಿಂತ ಅವರ ಮಕ್ಕಳೇ ಹೆಚ್ಚು. ಒಬ್ಬ ಬೂಂದಿಯ ಪಾಕದಲ್ಲಿ ಕೈ ಅದ್ದಿದ. ಒಬ್ಬಳು ವಾಲಗದವರ ಡೋಲಿನ ಮೇಲೆ ಕೂತಳು. ಹೆಂಗಸರೆಲ್ಲ ಚಿಕ್ಕಮ್ಮನಿಗೆ ಅರಿಶಿನ ಹಚ್ಚಿ ಸೋಬಾನೆ ಎತ್ತುವ ಹೊತ್ತಿಗೆ, ಅತ್ತೆಯೂ ಸೊಸೆಯಾಗಿ ನಾಲ್ಕು ಜನರ ಜೊತೆ ಬಾಯಿ ಕೂಡಿಸಿದಳು. ಅಜ್ಜಿ ಅಲ್ಲಿಂದಲೇ ಕೂಗಿದಳು:

“ನಿನ್ ಗಂಟ್ಲಿಗೆ ಸೋಬಾನೆ ಬ್ಯಾಡ ಕಣಮ್ಮ! ಗಂಡಿನ ಕಡೆಯೋರು ಕೇಳ್ಬುಟ್ರೆ ಗಾಡಿ ತಿರುಗ್ಸ್ಕೊಂಡು ಹೊಂಟೋಯ್ತಾರೆ. ಹೋಗಿ ಈ ಕಪಿಗಳ್ನ ಕಟ್ಕೊ.”

ಹೆಂಗಸರೆಲ್ಲ ನಕ್ಕರು. ಅತ್ತೆಯೂ ನಕ್ಕಳು. “ಸರೇ ಅತ್ತಮ್ಮಾ” ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ಸಿಕ್ಕ ಸಿಕ್ಕ ಮಕ್ಕಳನ್ನು ಬಾಚಿಕೊಂಡು ಹಿತ್ತಲ ಕಡೆಯ ಕೊಟ್ಟಿಗೆಗೆ ಹೋದಳು. ಮದುವೆಗೆಂದು ದನಗಳನ್ನು ಹೊರಗೆ ಕಟ್ಟಿ, ನೆಲ ಸಾರಿಸಿ, ಈಚಲು ಚಾಪೆ ಹಾಸಿದ್ದರು. ಅತ್ತೆ ಒಂದು ಕಾಲು ಚಾಚಿ, ಒಂದು ಮಂಡಿ ಎತ್ತಿ ಕೂತಳು. ನಾವು ಸುತ್ತ ಕೂತೆವು.

ನಮ್ಮಲ್ಲಿ ಕತೆ ಹೇಳುವವರಿಗೆ ಬರವಿರಲಿಲ್ಲ. ಅತ್ತೆಯ ರೀತಿಯೇ ಬೇರೆ. ಅವಳು ಕತೆ ಹೇಳುತ್ತಿರಲಿಲ್ಲ, ಹೇಳಿಸುತ್ತಿದ್ದಳು. ಮೊದಲ ಮಾತು ಮಾತ್ರ ಅವಳದು, ಅದೂ ಯಾವಾಗಲೂ ಒಂದೇ:

“ಒಂದೂರಾಗೆ ಒಂದು ಮೇಕೆ. ಅದು ಪೆಳ್ಳಿಗೆ ಹೊರಡ್ತು.”

ಪೆಳ್ಳಿ ಎಂದರೆ ಮದುವೆ ಎನ್ನುವಷ್ಟು ತೆಲುಗು ನನಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಸೆಟ್ಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಯಲ್ಲೂ ಬೀದಿಯಲ್ಲೂ ಕನ್ನಡವೇ. ತೆಲುಗು ಸಂತೆಗೆ ಹೋಗುವ ಗಂಡಸರ ಮಾತು. ಅತ್ತೆ ಅಷ್ಟು ಹೇಳಿ ನಿಲ್ಲಿಸಿದಳು. ಸುತ್ತ ನೋಡಿದಳು. ಗದ್ದ ಮೇಲೆತ್ತಿದಳು. ಮೂರು ಚುಕ್ಕೆಗಳು ನೇರ ನನ್ನ ಕಡೆ ತಿರುಗಿದವು.

“ಮರಿ” ಅಂದಳು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಮರಿ ಎಂದರೆ ನನ್ನ ತಮ್ಮ. ಅವನು ಹುಟ್ಟುವ ತನಕ ಆ ಹೆಸರು ನನ್ನದಾಗಿತ್ತು. ಅಮ್ಮ ತಲೆ ಬಾಚುವಾಗ, ಉಣ್ಣಿಸುವಾಗ, “ಬಾ ಮರಿ”, “ಕೂಕೊ ಮರಿ”. ಅವನು ಹುಟ್ಟಿದ ದಿನವೇ ಅದು ಅವನ ತೊಟ್ಟಿಲಿಗೆ ಹೋಯಿತು. ನಾನು “ಲೇ” ಆದೆ, “ಇವಳೇ” ಆದೆ. ಬಿಟ್ಟುಹೋದ ಹೆಸರನ್ನು ಅವನಿಂದ ಕಿತ್ತುಕೊಳ್ಳಲಾಗದೆ ಅವನ ತೊಡೆ ಚಿವುಟಿ ಅಳಿಸುತ್ತಿದ್ದೆ.

ಅಂಥ ನನ್ನನ್ನು ಹಿಂದೂಪುರದ ಅತ್ತೆ, ಜರಿಯಂಚಿನ ಸೀರೆಯುಟ್ಟ ಅತ್ತೆ, ಅಷ್ಟು ಮಕ್ಕಳ ನಡುವೆ ಹುಡುಕಿ “ಮರಿ” ಅಂದುಬಿಟ್ಟಳು. ನಾನು ಎದ್ದೆ. ಯಾರನ್ನೂ ನೋಡದೆ ನೇರ ಹೋಗಿ ಅವಳ ತೊಡೆಯ ಮೇಲೆ ಕೂತೆ.

ಅತ್ತೆಗೆ ಒಂದು ಕ್ಷಣ ಅರ್ಥವಾಗಿರಲಾರದು. ಆದರೂ ನನ್ನನ್ನು ಇಳಿಸಲಿಲ್ಲ. ಎತ್ತಿದ್ದ ಮಂಡಿಯನ್ನು ಮಡಿಸಿ ನನಗೆ ಜಾಗ ಮಾಡಿದಳು. ಆಮೇಲೆ ನನ್ನ ತಲೆಯ ಮೇಲಿಂದ ಕಂಬದೂರಿನ ಸಿಂಬಳದ ಹುಡುಗನನ್ನು ನೋಡಿ, “ಮರಿ” ಅಂದಳು.

“ದಾರೀಲಿ ತ್ವಾಳ ಸಿಕ್ತು” ಅಂದ ಅವನು.

ಅವನ ಪಕ್ಕದವನಿಗೆ, “ಮರಿ.”

“ತ್ವಾಳ, ‘ನಾನೂ ಬತ್ತೀನಿ ಮದ್ವೆಗೆ’ ಅಂತು.”

ತೊಡೆಯ ಮೇಲೆ ಕೂತಿದ್ದರೂ ನನಗೆ ಕಿಚ್ಚು ಹತ್ತಿತು. ಸಿಂಬಳದವನೂ ಮರಿಯೇ? ಅವನ ಪಕ್ಕದವನೂ ಮರಿಯೇ? ಸಹಿಸಿದೆ. ಅಷ್ಟರಲ್ಲಿ ಚುಕ್ಕೆಗಳು ಅತ್ತೆಯ ಸ್ವಂತ ಮಗಳ ಕಡೆ ತಿರುಗಿದವು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಎರಡು ಜಡೆ, ಎರಡಕ್ಕೂ ಕೆಂಪು ಟೇಪು. ಅವಳಿಗೆ ಅತ್ತೆ ದಿನಾ ಇದ್ದಾಳೆ, ಇವತ್ತೂ ಬೇಕೆ?

“ಮರಿ” ಎಂದು ಅತ್ತೆ ಬಾಯಿ ತೆರೆಯುವುದರೊಳಗೆ ನಾನು ನನ್ನ ಅಂಗೈಯಿಂದ ಆ ಬಾಯಿ ಮುಚ್ಚಿದೆ.

“ನಾನು ಮರಿ! ಅವಳಲ್ಲ!”

ಮಾವನ ಮಗಳು ನನ್ನನ್ನು ಎವೆಯಿಕ್ಕದೆ ನೋಡಿದಳು. ಅವಳಿಗೆ ಹೊಳೆಯಿತು. ಬಿದ್ದು ಬಿದ್ದು ನಗತೊಡಗಿದಳು.

“ಏಮ್ಮೇ, ಮರಿ ಅಂಟೇ ‘ಆಮೇಲೆ’ ಅಂತ ಕಣೇ! ತೆಲುಗು! ‘ಆಮೇಲೇನಾಯ್ತು’ ಅಂತ ಕೇಳ್ತಾವ್ಳೆ ನಮ್ಮಮ್ಮ. ನಿನ್ನ್ಯಾರ್ ಕರೆದ್ರು? ಮೇಕೆಮರಿ!”

ಮಕ್ಕಳೆಲ್ಲ “ಮ್ಯಾ, ಮ್ಯಾ” ಎಂದು ಶುರು ಹಚ್ಚಿಕೊಂಡವು. ತೆಲುಗಿನವೂ ಕೂಗಿದವು, ಕನ್ನಡದವೂ ಕೂಗಿದವು. ಅಷ್ಟು ಹೊತ್ತು ನನ್ನದಾಗಿದ್ದ ಹೆಸರು ಬರೀ ಒಂದು ಪ್ರಶ್ನೆಯಾಗಿ ನೆಲಕ್ಕೆ ಬಿತ್ತು. ಅತ್ತೆಯ ಸೀರೆಗೆ ಮುಖ ಒತ್ತಿ ಅತ್ತುಬಿಟ್ಟೆ. ಇಳಿದು ಓಡಿಹೋಗೋಣವೆಂದರೆ ಅವಳ ಕೈ ನನ್ನ ಬೆನ್ನ ಮೇಲಿತ್ತು, ಬಿಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ “ನೀನೂ ಮರಿನೇ ಬಿಡು ಪುಟ್ಟ” ಎಂದು ರಮಿಸುತ್ತಿದ್ದರು. ಇಲ್ಲವೆ ಮಗಳಿಗೆ ಒಂದು ಏಟು ಕೊಡುತ್ತಿದ್ದರು. ಅತ್ತೆ ಎರಡೂ ಮಾಡಲಿಲ್ಲ. ಅದೇ ಒಡಕು ದನಿಯಲ್ಲಿ ಕತೆ ಮುಂದುವರಿಸಿದಳು.

“ಮೇಕೆ ಪೆಳ್ಳಿ ಮನೆಗೆ ಬಂತಾ. ಬಂದ್ರೆ, ಅಲ್ಲಿದ್ದೋರೆಲ್ಲ ಅದ್ನ ನೋಡಿ ‘ಮ್ಯಾ’ ಅಂತ ನಕ್ಬುಟ್ರು.” ನನ್ನ ಗದ್ದ ಹಿಡಿದೆತ್ತಿದಳು. “ಮರಿ?”

ಈಗ ಅದರ ಅರ್ಥ ನನಗೆ ಗೊತ್ತಿತ್ತು. ಎಲ್ಲರೂ ಕಾಯುತ್ತಿದ್ದರು. ಮನೆಯಲ್ಲಿ ನಾನು ಬಾಯಿ ತೆರೆದರೆ “ಮುಚ್ಚೇ” ಅನ್ನುವವರೇ ಹೊರತು ಕಾದವರಿಲ್ಲ. ಬಿಕ್ಕುತ್ತಲೇ ಹೇಳಿದೆ:

“ಮೇಕೆ ಚಪ್ಪರಾನೇ ತಿಂದ್ಬುಡ್ತು!”

ಎಲ್ಲರೂ ಕೊಟ್ಟಿಗೆಯ ಹೆಂಚು ಹಾರುವಂತೆ ನಕ್ಕರು. ಈ ಸಲ ನನ್ನನ್ನು ನೋಡಿ ನಕ್ಕದ್ದಲ್ಲ. “ಮರಿ?” ಅಂದಳು ಅತ್ತೆ, ಇನ್ನೊಮ್ಮೆ ನನಗೇ. ಮೇಕೆ ಬಾಳೆಕಂಬ ತಿಂದಿತು. ಮದುಮಗನ ಹಾರ ತಿಂದಿತು. “ಮರಿ?” ಬಾಸಿಂಗ ತಿಂದಿತು. ಪುರೋಹಿತರ ಶಲ್ಯ ತಿಂದಿತು. ಸಿಂಬಳದವನು ಎದ್ದು ನಿಂತು, “ನಮ್ಮಜ್ಜಿ ಸೀರೇನೂ ತಿನ್ಲಿ ಅತ್ತೆ!” ಎಂದು ಬೇಡಿಕೊಂಡ. ಆಚೆ ವಾಲಗ ಜೋರಾಗಿ ಮೊಳಗಿತು, ತಾಳಿ ಕಟ್ಟಿದ್ದೂ ಆಯಿತು, ನಮ್ಮಲ್ಲೊಬ್ಬರೂ ಏಳಲಿಲ್ಲ. ಅಜ್ಜಿ ಬಂದು ಬಾಗಿಲಲ್ಲಿ ನಿಂತು, “ಮಂತ್ರ ಹಾಕ್ಬುಟ್ಟಿದಾಳೆ ಕಣಪ್ಪ ಇವ್ಳು” ಅಂದಳು.

ಮಾವನ ಮಗಳು ಮಾತ್ರ ನಗಲಿಲ್ಲ. ತನ್ನ ಸರದಿ ಬರಲೇ ಇಲ್ಲವೆಂದು ಕೆಂಪು ಟೇಪಿನ ತುದಿ ಕಚ್ಚುತ್ತ ಕೂತಿದ್ದಳು. ಅದನ್ನು ನೋಡಿ ನನಗೆ ಆದ ಖುಷಿಯನ್ನು ಮುಚ್ಚಿಟ್ಟು ಏನು ಪ್ರಯೋಜನ?

ನಮ್ಮೂರ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತಿತ್ತು. ನಮ್ಮ ವಂಶದಲ್ಲಿ ಓದೂ ಅಲ್ಲಿಗೇ ಮುಗಿಯುತ್ತಿತ್ತು, ಅಲ್ಲಿಯವರೆಗೆ ಬಂದವರಿಗೆ. ನನ್ನ ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅತ್ತೆ ನಮ್ಮೂರಿಗೆ ಬಂದಿದ್ದಳು. ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಅಪ್ಪನನ್ನು ಕೇಳಿದಳು:

“ಐದ್ನೇ ಕ್ಲಾಸ್ ಆಯ್ತಂತಲ್ಲ ಹುಡುಗೀದು. ಮರಿ?”

“ಇನ್ನೇನ್ ಮರಿ ತಂಗೆಮ್ಮ? ಕುರಿಮರಿ ಕಾಯ್ಕೊಂಡಿರ್ತಾಳೆ, ಒಂದಿನ ಮದ್ವೆ ಮಾಡಾದು.”

“ಅದು ಸರೇ ಅಣ್ಣಾ. ಮದ್ವೆಗೆ ಇನ್ನಾ ಟೈಮೈತಲ್ಲ. ಅಲ್ಲೀಗಂಟ? ಮರಿ?”

ಅಪ್ಪ ಹಟಮಾರಿ. ಆದರೆ ಆ ಪ್ರಶ್ನೆಗೆ ಜಗಳವಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಏನು ಹೇಳಿದರೂ ಅತ್ತೆ ಒಪ್ಪುತ್ತಿದ್ದಳು, ಒಪ್ಪಿ ಮತ್ತೆ ಕೇಳುತ್ತಿದ್ದಳು. ಕಡಲೆಕಾಯಿ ಮುಗಿಯುವುದರೊಳಗೆ ಅಪ್ಪನ ಉತ್ತರಗಳು ಮುಗಿದಿದ್ದವು. ಶಾಲೆ ತೆರೆಯುವ ಹೊತ್ತಿಗೆ ನಾನು ಹಿಂದೂಪುರದಲ್ಲಿದ್ದೆ.

ಅಲ್ಲಿ ಇನ್ನೊಂದು ಬಗೆಯ ಉರಿ ಶುರುವಾಯಿತು. ಬೆಳಗ್ಗೆ ಅತ್ತೆ ಮೊದಲು ಮಗಳ ತಲೆ ಬಾಚುತ್ತಿದ್ದಳು, ಆಮೇಲೆ ನನ್ನದು. ಎಣ್ಣೆ ಅದೇ, ಬಾಚಣಿಗೆ ಅದೇ. ಆದರೆ ಮಗಳ ಜಡೆ ಹೆಣೆದಾದ ಮೇಲೆ ಅದನ್ನೊಮ್ಮೆ ಸುಮ್ಮನೆ ಸವರಿ ಬಿಡುತ್ತಿದ್ದಳು. ನನ್ನ ಜಡೆಯನ್ನು ಹೆಣೆದು ಬಿಡುತ್ತಿದ್ದಳು, ಅಷ್ಟೇ. ಆ ಒಂದು ಸವರುವಿಕೆ ನನಗೂ ಬರುತ್ತದೇನೋ ಎಂದು ಬಾಚಿದ ಮೇಲೂ ಕೂತೇ ಇರುತ್ತಿದ್ದೆ. “ಏಳು, ಸ್ಕೂಲಿಗೆ ಹೊತ್ತಾಯ್ತು” ಅನ್ನುತ್ತಿದ್ದಳು. ಮಾವನ ಮಗಳಿಗೆ ಹುಟ್ಟಿನಿಂದ ಬಂದದ್ದನ್ನು ನಾನು ಓದಿ ಗಳಿಸಬೇಕಿತ್ತು.

ಗಳಿಸಿದೆ. ಮಧ್ಯಾಹ್ನದ ಮೇಲೆ ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನಾನು ಶಾಲೆಯಿಂದ ಬಂದು ಎದುರು ಕೂತರೆ, “ಇವತ್ತೇನ್ ಹೇಳ್ಕೊಟ್ರು?” ಹೇಳುತ್ತಿದ್ದೆ. “ಮರಿ?” ಇನ್ನಷ್ಟು ಹೇಳುತ್ತಿದ್ದೆ. “ಮರಿ?” ಅವಳಿಗೆ ಓದು ಬರಹ ಬಾರದು. ಮಳೆ ಹೇಗೆ ಬರುತ್ತದೆ, ದೊರೆಗಳು ಯಾಕೆ ಬಡಿದಾಡಿದರು, ಅವಳಿಗೆ ಅದೆಲ್ಲ ಮೇಕೆಯ ಕತೆಯ ಹಾಗೆಯೇ. ಮುಂದೇನಾಯಿತು ಎನ್ನುವುದಷ್ಟೇ ಬೇಕು. ಪಾಠದಲ್ಲಿ ಇದ್ದದ್ದು ಮುಗಿದು ಹೋದಾಗ, ನಾಳೆ ಕೇಳಿಕೊಂಡು ಬರುತ್ತೇನೆ ಅನ್ನುತ್ತಿದ್ದೆ. ಹಾಗೆ ಕ್ಲಾಸಿನಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವ ಹುಡುಗಿ ನಾನೊಬ್ಬಳೇ ಆದೆ. ಮೇಷ್ಟ್ರಿಗೆ ಅದು ಜಾಣತನವಾಗಿ ಕಂಡಿತು. ನಾನು ಅತ್ತೆಯ ಮುಖ ನನ್ನ ಕಡೆಯೇ ಇರಲಿ ಎಂದು ಕತೆ ಬೆಳೆಸುತ್ತಿದ್ದೆ, ಅಷ್ಟೇ.

ಮಾವನ ಮಗಳು ದೊಡ್ಡವಳಾದಾಗ ಮಾವ ಅವಳ ಶಾಲೆ ಬಿಡಿಸಿದರು. ಅತ್ತೆ ಒಂದು ಮಾತೂ ಆಡಲಿಲ್ಲ. ನಾನು ದೊಡ್ಡವಳಾದಾಗಲೂ ಮಾವ ಅದನ್ನೇ ಅಂದರು. ಆಗ ಅತ್ತೆ, “ಪರರ ಕೂಸು. ನಾವು ಬಿಡ್ಸಿದ್ರೆ ನಾಳೆ ಮಾತು ಬತ್ತೈತೆ” ಅಂದಳು. ಪರರ ಕೂಸು ಎನ್ನುವುದು ಕಿವಿಗೆ ಮುಳ್ಳಿನಂತೆ ಚುಚ್ಚಿತು. ಅದೇ ಮಾತಿನಿಂದ ನನ್ನ ಓದು ಉಳಿಯಿತು.

ಎಸ್ಸೆಸ್ಸೆಲ್ಸಿ ಮುಗಿಸಿದೆ. ಮರಿ? ಅನಂತಪುರದ ಕಾಲೇಜು ಸೇರಿ, ಹಾಸ್ಟೆಲಿನಲ್ಲಿ ತಿಳಿಸಾರು ಉಂಡು ಪಿಯುಸಿ ಮುಗಿಸಿದೆ. ಮರಿ? ಬಿ.ಎ.ಗೆ ಸೇರಿದೆ. ನಮ್ಮ ಎರಡೂ ಕಡೆಯ ನೆಂಟರಲ್ಲಿ, ಗಂಡು ಹೆಣ್ಣು ಎನ್ನದೆ, ಅಲ್ಲಿಯವರೆಗೆ ಹೋದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಧ್ಯೆ ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದೆ. ಊರಿನಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಅತ್ತೆ ಮಾತ್ರ, “ಫೇಲಾಯ್ತಂತೆ. ಮರಿ?” ಅಂದಳು. ಮತ್ತೆ ಕಟ್ಟಿದೆ.

ಆ ನಡುವೆಯೇ ಮಾವನ ಮಗಳ ಮದುವೆ, ಹಿಂದೂಪುರದಲ್ಲಿ. ಅತ್ತೆ ಮದುಮಗಳ ತಾಯಿ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಹಲ್ಲೆಲ್ಲ ಬಿದ್ದುಹೋಗಿದ್ದ ಅಜ್ಜಿ ನನ್ನನ್ನು ಹಿಡಿದಳು: “ಕಾಲೇಜೋದೋಳು ನೀನು. ಈ ದೆವ್ವಗಳ್ನ ಕರ್ಕೊಂಡೋಗು.” ಮಾಳಿಗೆಯ ಮೇಲೆ ಕೂರಿಸಿಕೊಂಡೆ. ಯಾವ ದೇಶಕ್ಕೆ ಯಾವ ರಾಜಧಾನಿ ಎಂದು ಕೇಳಿದೆ. ಒಬ್ಬ ಮೇಲಿಂದ ಬೀಗರ ರುಮಾಲಿನ ಮೇಲೆ ಮಂಡಕ್ಕಿ ಎರಚಿದ. ಇನ್ನೊಬ್ಬ ಇಳಿದು ಓಡಿ ತುಪ್ಪದ ತಪ್ಪಲೆ ಉರುಳಿಸಿದ. “ಬಿ.ಎ. ಓದ್ತಿದೀಯಂತೆ, ನಾಕ್ ಮಕ್ಳ ಹಿಡ್ಕಳಕ್ಕಾಗಲ್ವೇನೇ?” ಎಂದು ಅಜ್ಜಿ ಕೆಳಗಿಂದ ಬೈದಳು.

ಬೇರೆ ದಾರಿ ಕಾಣದೆ, “ಒಂದೂರಾಗೆ ಒಂದು ಮೇಕೆ” ಅಂದೆ. “ಅದು ಪೆಳ್ಳಿಗೆ ಹೊರಡ್ತು.” ಗದ್ದ ಎತ್ತಿದೆ, ನನ್ನಲ್ಲಿ ಚುಕ್ಕೆಗಳಿಲ್ಲದಿದ್ದರೂ. “ಮರಿ?”

“ಬಸ್ಸಲ್ಲಾ, ಗಾಡೀಲಾ?” ಎಂದು ಒಂದು ಹುಡುಗಿ ಕೇಳಿತು. ಅಲ್ಲಿಗೆ ಹಿಡಿತ ಸಿಕ್ಕಿತು. ಮೇಕೆಗೆ ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ಕಂಡಕ್ಟರನ ಟೋಪಿ ತಿಂದಿತು. ಸ್ವಲ್ಪ ಹೊತ್ತಿಗೆ ಕೆಳಗೆ ನೋಡಿದರೆ, ಅಂಗಳದಲ್ಲಿ ರೇಷ್ಮೆ ಸೀರೆಯ ಅತ್ತೆ ಆರತಿ ತಟ್ಟೆ ಹಿಡಿದು ನಿಂತು ಮೇಲೆ ನೋಡುತ್ತಿದ್ದಳು. ಅಷ್ಟು ಜನರ ನಡುವೆ ಗದ್ದ ಮೇಲೆತ್ತಿದಳು. ನನಗೆ. ಮಗಳ ಮದುವೆಯ ದಿನ, ನನಗೆ. ಆ ದಿನ ನಾನು ಗೆದ್ದೆ ಎಂದುಕೊಂಡೆ.

ಧಾರೆ ಮುಗಿದ ಮೇಲೆ ಮದುಮಗಳು ನನ್ನನ್ನು ಒಳಗೆ ಕರೆದಳು. ಬಾಸಿಂಗ ಬಿಚ್ಚಿರಲಿಲ್ಲ.

“ಏಮ್ಮೇ, ಒಂದ್ ಮಾತ್ ಕೇಳ್ತೀನಿ. ಆ ಮೇಕೆ ಕತೇಲಿ ಬುಟ್ರೆ, ನಮ್ಮಮ್ಮ ನನ್ನ ಯಾವತ್ತಾದ್ರೂ ‘ಮರಿ?’ ಅಂತ ಕೇಳಿದ್ದು ನೋಡಿದ್ಯಾ?”

ನೆನಪು ಮಾಡಿಕೊಂಡೆ. ಸಿಗಲಿಲ್ಲ.

“ನಂಗೆ ಯಾವಾಗ್ಲೂ ‘ಆಯ್ತಾ?’ ಅನ್ನೋದು. ಪಾತ್ರೆ ಆಯ್ತಾ, ಕಸ ಆಯ್ತಾ, ಸ್ನಾನ ಆಯ್ತಾ. ಈಗ ನೋಡು, ಮದ್ವೇನೂ ಆಯ್ತು.” ನಕ್ಕಳು, ಕಣ್ಣು ಒರೆಸಿಕೊಂಡಳು. “ನೀನ್ ಬಂದಾಗ್ಲಿಂದ ನಂಗೆ ಹೊಟ್ಟೆ ಉರೀತೈತೆ ಕಣೇ.”

ನಿನ್ನ ಜಡೆ ಸವರಿದ್ದಕ್ಕೆ ನನಗೂ ಉರಿಯುತ್ತಿತ್ತು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಬಳಿ ಅಷ್ಟಾದರೂ ಇತ್ತೆಂದು ಅವಳಿಗೆ ಗೊತ್ತಾಗುವುದೂ ನನಗೆ ಇಷ್ಟವಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆ ಹಾಸಿಗೆ ಹಿಡಿದಳು. ಬಿ.ಎ. ಫಲಿತಾಂಶ ಬಂದ ದಿನವೇ ನಾನು ಅನಂತಪುರದಿಂದ ಹಿಂದೂಪುರದ ಬಸ್ಸು ಹತ್ತಿದೆ. ನಮ್ಮೂರಿಗೆ ಆಮೇಲೆ ಹೋದರಾಯಿತು. ಮಾವನ ಮಗಳು ಗಂಡನ ಮನೆಯಿಂದ ಬಂದು ಮಂಚದ ಎಡಕ್ಕೆ ಕೂತಿದ್ದಳು. ನಾನು ಬಲಕ್ಕೆ ನಿಂತೆ. ಸಂಜೆಯ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು.

“ಅತ್ತೆ, ನಾನು ಬಿ.ಎ. ಪಾಸಾದೆ” ಅಂದೆ.

ಅದೇ ಹೊತ್ತಿಗೆ ಆ ಕಡೆಯಿಂದ ಅವಳು, “ಅಮ್ಮಾ, ಒಂಚೂರ್ ಗಂಜಿ ಕುಡೀತೀಯಾ?” ಅಂದಳು.

ಅತ್ತೆ ಕಣ್ಣು ಪೂರ್ತಿ ತೆರೆಯಲಿಲ್ಲ. ಗದ್ದ ಮಾತ್ರ ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಮೂರು ಚುಕ್ಕೆಗಳು ಬಿಸಿಲಿಗೆ ಬಂದವು. ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ.

“ಮರಿ” ಅಂದಳು.

ಏರಿಲ್ಲದ, ಇಳಿವಿಲ್ಲದ ಅದೇ ಒಡಕು ದನಿ. ಮತ್ತೆ ಮಾತಾಡಲಿಲ್ಲ. ಮಾರನೆಯ ದಿನ ಹೋದಳು.

ನನಗೆ ಅನುಮಾನವಿರಲಿಲ್ಲ. ಬಿ.ಎ. ಆಯಿತು, ಆಮೇಲೆ? ನಾನು ಅದಕ್ಕೆ ಉತ್ತರ ಕೊಡುತ್ತ ಹೋದೆ. ಬಿ.ಎಡ್. ಮಾಡಿದೆ, ಟೀಚರಾದೆ, ರಜೆಗಳಲ್ಲಿ ಓದಿ ಎಂ.ಎ. ಕಟ್ಟಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರ ಮುಂದೆ ನಿಂತು ಗದ್ದ ಎತ್ತಿದೆ. ನಾನು ಏನಾದರೂ ಆಗಿದ್ದರೆ ಆ ಒಂದು ಪ್ರಶ್ನೆಯಿಂದ ಆಗಿದ್ದೇನೆ.

ಮಾವನ ಮಗಳು ಒಪ್ಪುವುದಿಲ್ಲ. “ಮರಿ ಅಂಟೇ ಆಮೇಲೆ” ಎಂದು ಕೊಟ್ಟಿಗೆ ತುಂಬ ಕೂಗಿ ನನಗೆ ತೆಲುಗು ಕಲಿಸಿದವಳು ಅವಳೇ. ಈಗ ಅವಳೇ, “ಅವತ್ತು ನಮ್ಮಮ್ಮ ಅಂದಿದ್ದು ತೆಲುಗಲ್ಲ ಕಣೇ, ಕನ್ನಡ. ನನ್ನ ಕರೆದ್ಲು. ‘ಮರಿ’ ಅಂತ” ಅನ್ನುತ್ತಾಳೆ. ಕನ್ನಡದ ಆ ಮಾತಿಗಾಗಿ ಅಂಗೈಯಲ್ಲಿ ಅತ್ತೆಯ ಬಾಯಿ ಮುಚ್ಚಿದವಳು ನಾನು, ಈಗ ಕೂತು ಅದು ತೆಲುಗು ಎಂದು ವಾದಿಸುತ್ತೇನೆ. ಅವಳು ಹೇಳಿದ್ದೇ ನಿಜವಾದರೆ, ಯಾರೂ ಕೇಳದ ಪ್ರಶ್ನೆಗೆ ನಾನು ಇಷ್ಟು ವರ್ಷ ಉತ್ತರ ಬರೆದಂತಾಯಿತು.

ಮೊನ್ನೆ ಯಾರದೋ ಮದುವೆಯಲ್ಲಿ ಸಿಕ್ಕಳು. ಇಬ್ಬರ ತಲೆಯೂ ಬೆಳ್ಳಗಾಗಿದೆ. ಮಕ್ಕಳ ಗದ್ದಲದ ನಡುವೆ ಮತ್ತೆ ಅದೇ ಜಗಳ ಬಂತು.

“ಏಮ್ಮೇ, ಇಷ್ಟೆಲ್ಲ ಓದಿದೀಯ, ಪಿಂಚಣಿ ಬತ್ತೈತೆ, ಜನ ಮೇಡಮ್ಮು ಅಂತಾರೆ. ಅದೊಂದು ನಂಗ್ ಬುಟ್ಕೊಡೇ.”

“ಬೇಕಾದ್ರೆ ನನ್ನ ಬಿ.ಎ. ತಗೊ” ಅಂದೆ. “ಅದನ್ನ ಕೊಡಲ್ಲ.”